ತಂತಿಯಿಲ್ಲದ ತಂತಿವಾದ್ಯ

ಕನ್ನಡದಲ್ಲಿ 'ತಂತಿ' ಎಂಬುದು ಬಹಳ ದುಡಿಯುವ ಮಾತು. ವೀಣೆಗೆ ಬಿಗಿದದ್ದೂ ತಂತಿ. ಬೀದಿಯ ಕಂಬದಿಂದ ಕಂಬಕ್ಕೆ ಎಳೆದದ್ದೂ ತಂತಿ. 'ಊರಿನಿಂದ ತಂತಿ ಬಂತು' ಎಂದೊಡನೆ ಮನೆಮಂದಿಯೆಲ್ಲ ಎದೆ ಹಿಡಿದುಕೊಳ್ಳುತ್ತಿದ್ದ ಆ ಕಾಗದದ ಚೂರೂ ತಂತಿಯೇ. ಈ ಮೂರನೆಯ ತಂತಿ ನಮ್ಮ ದೇಶದಲ್ಲಿ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಉಳಿದ ಎರಡು ತಂತಿಗಳ ಸಂಬಂಧದಲ್ಲಿ ಒಂದು ಸಂಜೆ ನನಗೆ ಒದಗಿದ ಫಜೀತಿಯಿಂದ ನಾನು ಸ್ವಲ್ಪ ಇತಿಹಾಸವನ್ನು ಕಲಿಯಬೇಕಾಯಿತು. ಕಲಿತದ್ದನ್ನು ಓದುಗರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಕಳೆದ ವರ್ಷ ನಮ್ಮ ಕಾಲೇಜಿನ ವಾರ್ಷಿಕೋತ್ಸವದ ಹೊಣೆ ನನ್ನ ತಲೆಯ ಮೇಲೆ ಬಿದ್ದಿತ್ತು. ಕನ್ನಡ ಪಾಠ ಹೇಳುವವನಿಗೆ ಸ್ವಾಗತ ಭಾಷಣ, ವಂದನಾರ್ಪಣೆ, ಹಾರ ತುರಾಯಿಗಳ ವ್ಯವಸ್ಥೆ ತಿಳಿದಿರುತ್ತದೆ. ವಿದ್ಯುತ್ತಿನ ವ್ಯವಹಾರ ತಿಳಿದಿರಬೇಕೆಂದು ಯಾರೂ ಬಯಸುವುದಿಲ್ಲ. ಆ ಸಂಜೆ ಬಿ.ಎಸ್ಸಿ. ಎರಡನೆಯ ವರ್ಷದ ಹುಡುಗನೊಬ್ಬ ಗಿಟಾರ್ ನುಡಿಸುವವನಿದ್ದ. ಬಹಳ ಮಿತಭಾಷಿ. ಎರಡು ವರ್ಷಗಳಲ್ಲಿ ಅವನ ದನಿಯನ್ನು ನಾನು ಹಾಜರಿ ಕರೆಯುವಾಗ ಮಾತ್ರ ಕೇಳಿದ್ದೆ. ಅವನ ಗಿಟಾರಿನಿಂದ ಧ್ವನಿವರ್ಧಕಕ್ಕೆ ಹೋಗುವ ತಂತಿಯೇ ಇರಲಿಲ್ಲ. ಸೊಂಟದ ಪಟ್ಟಿಗೆ ಅಂಗೈಯಗಲದ ಪೆಟ್ಟಿಗೆಯೊಂದನ್ನು ಸಿಕ್ಕಿಸಿಕೊಂಡಿದ್ದ. ಅದು ರೇಡಿಯೋ ಪ್ರೇಷಕ. ವೇದಿಕೆಯ ಮಗ್ಗುಲಲ್ಲಿ ಎರಡು ಕೋಲುಗಳನ್ನು ನಿಮಿರಿಸಿಕೊಂಡು ಕುಳಿತದ್ದು ಅದರ ಗ್ರಾಹಕ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರವನ್ನು ತೆರೆದು, ಅದು 'ಆಕಾಶವಾಣಿ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತಷ್ಟೆ. ನಮ್ಮ ಹುಡುಗನ ಸೊಂಟದಲ್ಲಿದ್ದುದೂ ಅಂಥದೇ ಒಂದು ಮರಿ ಆಕಾಶವಾಣಿ.

ಹುಡುಗ ತಂತಿ ಮೀಟಿದ. ಸಭಾಂಗಣಕ್ಕೆ ಕೇಳಿಸಿದ್ದು ಸೊಳ್ಳೆಯ ದನಿ. ಹಿಂದಿನ ಸಾಲುಗಳಿಂದ ಶಿಳ್ಳೆ ಎದ್ದಿತು. ನಾನೂ, ನನ್ನ ಸಹೋದ್ಯೋಗಿಗಳೂ, ಮುಖ್ಯ ಅತಿಥಿಗಳೂ ಒಂದೇ ಸಲಹೆ ಕೊಟ್ಟೆವು: "ಜೋರು ಮಾಡಿ!" ಜೋರು ಮಾಡಿದರು. ಸೊಳ್ಳೆಯ ದನಿ ಸ್ವಲ್ಪ ಏರಿತು. ಅದರ ಜೊತೆಗೇ ತಗಡಿನ ಸೂರಿನ ಮೇಲೆ ಮಳೆ ಹೊಯ್ದಂತೆ ಸುಯ್ಯೆಂಬ ಸದ್ದೂ ಏರಿತು. ಇನ್ನೂ ಜೋರು ಮಾಡಿದಾಗ ಮಳೆಯಲ್ಲಿ ಸಂಗೀತವೇ ಕೊಚ್ಚಿಹೋಯಿತು. ಹುಡುಗ ತಲೆ ತಗ್ಗಿಸಿ ನಿಂತ. ಈ ಗಳಿಗೆಯಲ್ಲಿ ಅವನು ವೇದಿಕೆ ಇಳಿದರೆ ಮತ್ತೆಂದೂ ಹತ್ತಲಾರನೆಂದು ನನಗೆ ಅನ್ನಿಸಿತು. ಪರದೆ ಎಳೆಸಿ, ಬಹುಮಾನ ವಿತರಣೆಯನ್ನು ಮುಂದಕ್ಕೆ ತಂದು, ಕಾಲು ಗಂಟೆಯ ಕಾಲ ಸಂಪಾದಿಸಿದೆ.

ಆ ಕಾಲು ಗಂಟೆಯಲ್ಲಿ ನಡೆದದ್ದನ್ನು ಕಡೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ "ಜೋರು ಮಾಡಿ" ಎಂಬ ಸಲಹೆಯ ವಂಶಾವಳಿಯನ್ನು ನೋಡೋಣ. ಅದು ನಾವು ತಿಳಿದುಕೊಂಡಿರುವುದಕ್ಕಿಂತ ಹಳೆಯದು, ಹೆಚ್ಚು ದುಬಾರಿಯಾದುದು.

1858ರ ಆಗಸ್ಟ್ 5ರಂದು ಐರ್ಲೆಂಡಿಗೂ ನ್ಯೂಫೌಂಡ್‌ಲೆಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸುವ ಕೆಲಸ ಮುಗಿಯಿತು. ಒಂದು ದಡದಲ್ಲಿ ಕೊಟ್ಟ ವಿದ್ಯುತ್ತಿನ ಮಿಡಿತ ಮತ್ತೊಂದು ದಡವನ್ನು ಮುಟ್ಟುವ ಹೊತ್ತಿಗೆ ಹರಡಿ, ಮಸುಕಾಗಿ, ಇದೆಯೋ ಇಲ್ಲವೋ ಎನ್ನುವಂತಾಗುತ್ತಿತ್ತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷ ಬುಕಾನನ್‌ನಿಗೆ ಕಳಿಸಿದ 98 ಮಾತುಗಳ ಸಂದೇಶ ದಾಟುವುದಕ್ಕೆ ಸುಮಾರು 16 ಗಂಟೆ ಹಿಡಿಯಿತು. ಇದಕ್ಕೆ ಮದ್ದೇನು? ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ವೃತ್ತಿಯಿಂದ ಶಸ್ತ್ರವೈದ್ಯ. ಬಲ ಸಾಲದಿದ್ದರೆ ಬಲ ಹೆಚ್ಚಿಸಬೇಕು ಎಂಬುದು ಅವನ ಚಿಕಿತ್ಸೆ. ಭಾರಿ ಸುರುಳಿಗಳನ್ನು ಬಳಸಿ ಸುಮಾರು 2,000 ವೋಲ್ಟುಗಳನ್ನು ತಂತಿಗೆ ನುಗ್ಗಿಸಿದ. ವಿಲಿಯಂ ಥಾಮ್ಸನ್ ಎಂಬ ಪ್ರಾಧ್ಯಾಪಕನ ದಾರಿ ಬೇರೆ. ಕೂದಲೆಳೆಯಂಥ ದಾರಕ್ಕೆ ಪುಟ್ಟ ಕನ್ನಡಿಯೊಂದನ್ನು ತೂಗಹಾಕಿ, ಅದರ ಬೆನ್ನಿಗೆ ಅಯಸ್ಕಾಂತದ ಚೂರುಗಳನ್ನು ಅಂಟಿಸಿ, ಅದರಿಂದ ಹಿಮ್ಮರಳುವ ಬೆಳಕಿನ ಚುಕ್ಕೆ ಗೋಡೆಯ ಮೇಲೆ ಆಚೀಚೆ ಸರಿಯುವುದನ್ನು ಅವನು ಓದುತ್ತಿದ್ದ. ಅತಿ ಸೂಕ್ಷ್ಮವಾದ ಮಿಡಿತಕ್ಕೂ ಆ ಕನ್ನಡಿ ತಿರುಗುತ್ತಿತ್ತು. ಒಬ್ಬನು ಕೂಗುವವನ ಗಂಟಲನ್ನು ಹರಿಯಹೊರಟ. ಇನ್ನೊಬ್ಬನು ಕೇಳುವವನ ಕಿವಿಯನ್ನು ಹದಗೊಳಿಸಿದ. ಮೊದಲೇ ದೋಷವಿದ್ದ ಆ ತಂತಿ ವೈಟ್‌ಹೌಸನ ಚಿಕಿತ್ಸೆಯನ್ನು ತಾಳಲಾರದೆ ಸೆಪ್ಟೆಂಬರ್ ತಿಂಗಳ ಮೊದಲಲ್ಲೇ ಮೂಕವಾಯಿತು. ಮತ್ತೆ ಬಾಳುವಂಥ ತಂತಿ ಬೀಳುವುದಕ್ಕೆ 1866 ಬರಬೇಕಾಯಿತು.

ಈ ಅಲ್ಪಾಯುಷಿ ತಂತಿಗೆ ಹಿಂದೂಸ್ತಾನದ ಸಂಬಂಧವೂ ಒಂದಿದೆ. 1857ರ ಸಂಗ್ರಾಮದ ನಿಮಿತ್ತ ಕೆನಡಾದಲ್ಲಿದ್ದ ಎರಡು ದಂಡುಗಳಿಗೆ ಹಿಂದಿರುಗಬೇಕೆಂಬ ಆಜ್ಞೆ ಅಂಚೆಯಲ್ಲಿ ಹೋಗಿತ್ತು. ಇಲ್ಲಿನ ಹೋರಾಟ ತಗ್ಗುತ್ತ ಬಂದುದರಿಂದ, ಹೊರಡುವುದು ಬೇಡವೆಂದು ಆಗಸ್ಟ್ ಕೊನೆಯಲ್ಲಿ ತಂತಿ ಕೊಟ್ಟರು. ಅದರಿಂದ ಸುಮಾರು 50,000 ಪೌಂಡು ಉಳಿಯಿತೆಂದು ಲೆಕ್ಕ ಹೇಳುತ್ತಾರೆ. ಕ್ಷೀಣವಾದ ಒಂದು ಮಿಡಿತ ಸರಿಯಾಗಿ ಕೇಳಿಸುವುದು ಎಷ್ಟು ಬೆಲೆಯ ವಿಷಯವೆಂಬುದಕ್ಕೆ ಇದೊಂದು ನಿದರ್ಶನ.

ಗಿಟಾರಿನ ಕಥೆಗೆ ಬರೋಣ. ಅದರ ದನಿ ಹುಟ್ಟಿನಿಂದಲೇ ಮೆದು. ಒಂದು ಕೋಣೆಯಲ್ಲಿ ನಾಲ್ಕು ಮಂದಿಗೆ ಕೇಳಿಸಲು ಮಾಡಿದ ವಾದ್ಯ ಅದು. 1920ರ ದಶಕದಲ್ಲಿ ಅಮೆರಿಕದ ನೃತ್ಯಶಾಲೆಗಳಲ್ಲಿ ಹಿತ್ತಾಳೆಯ ಕಹಳೆಗಳೂ ಮದ್ದಳೆಗಳೂ ಮೊಳಗುತ್ತಿದ್ದಾಗ ಗಿಟಾರ್ ಹಿಡಿದವನ ಕೈ ಆಡುವುದು ಕಾಣುತ್ತಿತ್ತೇ ಹೊರತು ದನಿ ಕೇಳುತ್ತಿರಲಿಲ್ಲ. ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ ಎಂಬ ವಾದಕನಿಗೆ ಇದೇ ಚಿಂತೆ. ಅವನು ಒಂದು ಸುರುಳಿ ತಂತಿಯನ್ನೂ ಎರಡು ಲಾಳಾಕಾರದ ಅಯಸ್ಕಾಂತಗಳನ್ನೂ ಹೂಡಿ, ಅವುಗಳ ನಡುವೆ ವಾದ್ಯದ ಉಕ್ಕಿನ ತಂತಿಗಳು ಹಾಯುವಂತೆ ಮಾಡಿದ. ಉಕ್ಕಿನ ತಂತಿ ಕಂಪಿಸಿದರೆ ಅಯಸ್ಕಾಂತ ಕ್ಷೇತ್ರ ಕದಡುತ್ತದೆ. ಕ್ಷೇತ್ರ ಕದಡಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದೇ 'ಪಿಕಪ್'. 1931ರಲ್ಲಿ ಮರದಲ್ಲಿ ಕೆತ್ತಿದ ಮಾದರಿಯೊಂದು ಸಿದ್ಧವಾಯಿತು. 1932ರಲ್ಲಿ ಅಡಾಲ್ಫ್ ರಿಕನ್‌ಬೇಕರನ ಸಹಯೋಗದಲ್ಲಿ ಅಲ್ಯೂಮಿನಿಯಂ ಅಚ್ಚಿನ ವಾದ್ಯ ಮಾರಾಟಕ್ಕೆ ಬಂತು. ದುಂಡನೆಯ ಒಡಲು, ಉದ್ದನೆಯ ಹಿಡಿ. ಜನ ಅದಕ್ಕೆ 'ಬಾಣಲೆ' ಎಂದು ಅಡ್ಡಹೆಸರಿಟ್ಟರು. ಇದು ಸಂಗೀತವಾದ್ಯವೋ ವಿದ್ಯುತ್ ಯಂತ್ರವೋ ಎಂದು ಪೇಟೆಂಟ್ ಕಚೇರಿಯವರು ಅನುಮಾನಿಸುತ್ತ ಕುಳಿತು, 1934ರಲ್ಲಿ ಕೊಟ್ಟ ಅರ್ಜಿಗೆ 1937ರಲ್ಲಿ ಅಪ್ಪಣೆ ಕೊಟ್ಟರು.

ಈ ಮೆದುದನಿಯ ಕಷ್ಟ ಪರದೇಶದ್ದು ಮಾತ್ರ ಎಂದು ತಿಳಿಯಬಾರದು. ಮ್ಯಾಂಡೊಲಿನ್ ವಾದ್ಯದಲ್ಲಿ ಸ್ವರ ಮೀಟಿದೊಡನೆ ಆರಿಹೋಗುತ್ತದೆ. ಕರ್ನಾಟಕ ಸಂಗೀತದ ಗಮಕಕ್ಕೆ ಸ್ವರ ನಿಲ್ಲಬೇಕು. ಯು. ಶ್ರೀನಿವಾಸ್ (1969–2014) ಜೋಡಿತಂತಿಗಳನ್ನು ಬಿಟ್ಟು ಐದು ಒಂಟಿತಂತಿಗಳ ವಿದ್ಯುತ್ ಮ್ಯಾಂಡೊಲಿನನ್ನು ಹಿಡಿದದ್ದು ಶೋಕಿಗಾಗಿ ಅಲ್ಲ. ತೋಡಿಯ ಗಾಂಧಾರ ಆರಿಹೋಗದೆ ತೂಗಾಡಬೇಕಾಗಿತ್ತು, ಅದಕ್ಕಾಗಿ.

ಪಿಕಪ್ಪಿನಲ್ಲಿ ಹುಟ್ಟುವ ವಿದ್ಯುತ್ತಾದರೂ ಎಷ್ಟು? ಸಾಮಾನ್ಯವಾಗಿ ಒಂದು ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸು. ಮೆಲ್ಲಗೆ ಮೀಟಿದರೆ ಅದಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಸಂಕೇತಕ್ಕೆ ದಾರಿಯುದ್ದಕ್ಕೂ ಶತ್ರುಗಳು. ಮನೆಯ ದೀಪದ ವಿದ್ಯುತ್ತು ಆ ಸುರುಳಿಯೊಳಕ್ಕೂ ನುಸುಳಿ ಗುಂಯ್‌ಗುಡುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಹೊರಗಿನ ಗುಂಯ್ಕಾರ ತನ್ನನ್ನು ತಾನೇ ಅಳಿಸಿಕೊಂಡು ತಂತಿಯ ನಾದ ಮಾತ್ರ ಕೂಡಿಬರುವಂತೆ ಮಾಡಿದ. ಇಷ್ಟಾದರೂ ಉದ್ದನೆಯ ತಂತಿ ತಾರಸ್ಥಾಯಿಯ ಹೊಳಪನ್ನು ನುಂಗುವುದು ತಪ್ಪಲಿಲ್ಲ. ತಂತಿ ಉದ್ದವಾದಷ್ಟೂ ದನಿ ಮಂಕು. ಅಟ್ಲಾಂಟಿಕ್ ತಂತಿಯಲ್ಲಿ ಮಿಡಿತಗಳನ್ನು ಹರಡಿ ಮಸುಕುಮಾಡಿದ ಧಾರಕಗುಣವೇ ಇಲ್ಲಿಯೂ ಚಿಕ್ಕ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ.

ಆದರೆ ತಂತಿಯನ್ನು ಕಡಿದುಹಾಕಬೇಕೆಂಬ ಆತುರಕ್ಕೆ ದನಿಯ ಮಂಕುತನ ಒಂದೇ ಕಾರಣವಾಗಿರಲಿಲ್ಲ. ಪ್ರಾಣಭಯವೂ ಇತ್ತು. ಗಿಟಾರಿನ ಉಕ್ಕಿನ ತಂತಿಗಳು ಧ್ವನಿವರ್ಧಕದ ಭೂಸಂಪರ್ಕಕ್ಕೆ ಸೇರಿರುತ್ತವೆ. ಎದುರಿನ ಮೈಕು ಬೇರೊಂದು ಯಂತ್ರಕ್ಕೆ ಸೇರಿರುತ್ತದೆ. ಎರಡರಲ್ಲಿ ಒಂದಕ್ಕೆ ಭೂಸಂಪರ್ಕ ಸರಿಯಿಲ್ಲದಿದ್ದರೆ, ಒಂದು ಕೈಯಲ್ಲಿ ಗಿಟಾರ್ ಹಿಡಿದು ಇನ್ನೊಂದು ಕೈಯಲ್ಲಿ ಮೈಕು ಮುಟ್ಟಿದವನ ಮೈಯೇ ವಿದ್ಯುತ್ತಿನ ಹಾದಿ. 1972ರ ಮೇ 3ರಂದು ಸ್ವಾನ್‌ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಯುವ ವಾದಕ ವೇದಿಕೆಯ ಮೇಲೆ ಮೈಕು ಮುಟ್ಟಿ ಹೀಗೆಯೇ ಸತ್ತ. 1976ರ ಡಿಸೆಂಬರಿನಲ್ಲಿ ಫ್ಲಾರಿಡಾದ ಲೇಕ್‌ಲೆಂಡಿನಲ್ಲಿ 'ಕಿಸ್' ತಂಡದ ಏಸ್ ಫ್ರೇಲಿ ಭೂಸಂಪರ್ಕವಿಲ್ಲದ ಲೋಹದ ಕಟಕಟೆಯನ್ನು ಹಿಡಿದು ಆಘಾತಕ್ಕೆ ಸಿಕ್ಕಿ, ಪುಣ್ಯದಿಂದ ಬದುಕಿದ. ಆ ಬಳಿಕ ಅವನ ತಂಡ ನ್ಯೂಯಾರ್ಕಿನ ಕೆನ್ ಶಾಫರ್ ಎಂಬ ಎಂಜಿನಿಯರನ ನಿಸ್ತಂತು ಗಿಟಾರ್ ಸಲಕರಣೆಯನ್ನು ಹಿಡಿಯಿತು. ಗಿಟಾರಿಗೂ ಧ್ವನಿವರ್ಧಕಕ್ಕೂ ಲೋಹದ ಸಂಬಂಧವೇ ಕಡಿದುಹೋದ ಮೇಲೆ ವಿದ್ಯುತ್ತಿಗೆ ಆ ಹಾದಿಯೂ ಮುಚ್ಚಿತು.

ನಿಸ್ತಂತು ಮೈಕು ಆಗಲೇ ಹೊಸದೇನೂ ಆಗಿರಲಿಲ್ಲ. 1964ರಲ್ಲಿ ತೆರೆಕಂಡ 'ಮೈ ಫೇರ್ ಲೇಡಿ' ಚಿತ್ರಕ್ಕಾಗಿ ರೆಕ್ಸ್ ಹ್ಯಾರಿಸನ್ ತನ್ನ ಕುತ್ತಿಗೆಪಟ್ಟಿಯಲ್ಲಿ ಅಂಥದೊಂದನ್ನು ಅಡಗಿಸಿಟ್ಟುಕೊಂಡೇ ಹಾಡುಗಳನ್ನು ನುಡಿದಿದ್ದ. ಆದರೆ ಮಾತಿಗೆ ಸಾಕಾದದ್ದು ಗಿಟಾರಿಗೆ ಸಾಲದು. ಗಿಟಾರಿನ ಪಿಸುಮಾತಿಗೂ ಅಬ್ಬರಕ್ಕೂ ಇರುವ ಅಂತರ ಬಹು ದೊಡ್ಡದು. ಪಿಸುಮಾತನ್ನು ಹಾಗೆಯೇ ಕಳಿಸಿದರೆ ರೇಡಿಯೋದ ಸುಯ್ಗುಟ್ಟುವಿಕೆಯಲ್ಲಿ ಮುಳುಗುತ್ತದೆ. ಅದನ್ನು ಎತ್ತರಿಸಿ ಕಳಿಸಿದರೆ ಅಬ್ಬರ ಬಂದಾಗ ಪ್ರೇಷಕ ಒಡಕುದನಿ ಹೊರಡಿಸುತ್ತದೆ.

ಈ ಇಕ್ಕಟ್ಟನ್ನು ಬಿಡಿಸಿದವರು ಸಂಗೀತಗಾರರಲ್ಲ, ದೂರವಾಣಿಯವರು. 1927ರ ಜನವರಿ 7ರಂದು ನ್ಯೂಯಾರ್ಕಿಗೂ ಲಂಡನ್ನಿಗೂ ರೇಡಿಯೋ ಮೂಲಕ ದೂರವಾಣಿ ಸೇವೆ ಆರಂಭವಾಯಿತು. ಮೆಲುದನಿಯಲ್ಲಿ ಮಾತಾಡುವವರ ಮಾತು ಸಾಗರದ ಮೇಲಿನ ಸಿಡಿಲುಮಿಂಚುಗಳ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಆಗ ಎಂಜಿನಿಯರುಗಳು 'ಕಂಪ್ಯಾಂಡರ್' ಎಂಬ ಉಪಾಯ ಹೂಡಿದರು. 1934ರಲ್ಲಿ ಬೆಲ್ ಸಂಸ್ಥೆಯ ಪತ್ರಿಕೆಯಲ್ಲಿ ಮ್ಯಾಥಿಸ್ ಮತ್ತು ರೈಟ್ ಅದನ್ನು ವಿವರಿಸಿದ್ದಾರೆ. ರೈಲು ಪ್ರಯಾಣಕ್ಕೆ ನಮ್ಮ ಹಿರಿಯರು ಹಾಸಿಗೆಯನ್ನು ಹೋಲ್ಡಾಲಿನಲ್ಲಿ ಸುತ್ತಿ ಬಿಗಿದು, ಊರು ಮುಟ್ಟಿದ ಮೇಲೆ ಬಿಚ್ಚಿ ಹಾಸಿಕೊಳ್ಳುತ್ತಿದ್ದರಲ್ಲವೆ? ಇದೂ ಹಾಗೆಯೇ. ಕಳಿಸುವಾಗ ಮೆಲುದನಿಯನ್ನು ಮೇಲೆತ್ತಿ ಜೋರುದನಿಯನ್ನು ತಗ್ಗಿಸಿ ಅಂತರವನ್ನು ಅರ್ಧಕ್ಕೆ ಇಳಿಸುವುದು. ತಲುಪಿದ ಕಡೆ ಅಂತರವನ್ನು ಮತ್ತೆ ಮೊದಲಿನಷ್ಟಕ್ಕೆ ಹಿಗ್ಗಿಸುವುದು. ಹಿಗ್ಗಿಸುವಾಗ ಮೆಲುದನಿಯೊಡನೆ ದಾರಿಯಲ್ಲಿ ಹತ್ತಿದ ಗದ್ದಲವೂ ತಳಕ್ಕೆ ಇಳಿದುಹೋಗುತ್ತದೆ. ಶಾಫರನ ಪೆಟ್ಟಿಗೆಯಲ್ಲಿ ಕೂತಿದ್ದುದು ಇದೇ ತತ್ವ. ಇದರೊಡನೆ ಅವನು ಎರಡು ಗ್ರಾಹಕಗಳನ್ನಿಟ್ಟ. ಗೋಡೆಗಳಿಗೆ ಬಡಿದು ಬರುವ ಅಲೆಗಳು ಕೆಲವು ಜಾಗಗಳಲ್ಲಿ ಒಂದನ್ನೊಂದು ಕೊಲ್ಲುತ್ತವೆ. ಒಂದು ಗ್ರಾಹಕ ಕಿವುಡಾದಾಗ ಇನ್ನೊಂದಕ್ಕೆ ಕೇಳಿಸಲೆಂದು ಈ ಏರ್ಪಾಡು.

ಇಲ್ಲೊಂದು ತಮಾಷೆಯೂ ನಡೆಯಿತು. ಸಂಕೇತವನ್ನು ಇದ್ದಂತೆಯೇ ಮುಟ್ಟಿಸಬೇಕೆಂದು ಮಾಡಿದ ಆ ಪೆಟ್ಟಿಗೆ ದನಿಗೆ ಸ್ವಲ್ಪ ಬಲವನ್ನೂ ಬಣ್ಣವನ್ನೂ ತಾನೇ ಸೇರಿಸುತ್ತಿತ್ತು. ಎ.ಸಿ./ಡಿ.ಸಿ. ತಂಡದ ಆಂಗಸ್ ಯಂಗ್‌ಗೆ ಆ ಬಣ್ಣವೇ ಹಿಡಿಸಿ, ಓಡಾಡುವ ಅಗತ್ಯವಿಲ್ಲದ ಧ್ವನಿಮುದ್ರಣ ಕೊಠಡಿಯಲ್ಲೂ 1980ರ 'ಬ್ಯಾಕ್ ಇನ್ ಬ್ಲ್ಯಾಕ್' ಮುದ್ರಿಕೆಗೆ ಅದನ್ನೇ ಬಳಸಿದ. ಅಂಚೆಯವನು ಕಾಗದಕ್ಕೆ ಅತ್ತರು ಪೂಸಿ ತಂದರೆ ಬೇಡವೆನ್ನುವವರು ಯಾರು!

ಇನ್ನೊಬ್ಬ ಮಹನೀಯನ ಹೆಸರು ಹೇಳದಿದ್ದರೆ ನಮ್ಮ ವಾರ್ಷಿಕೋತ್ಸವದ ಒಗಟು ಬಿಡುವುದಿಲ್ಲ. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1935ರ ನವೆಂಬರಿನಲ್ಲಿ ನ್ಯೂಯಾರ್ಕಿನ ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ ಎಫ್.ಎಂ. ಪ್ರಸಾರವನ್ನು ಕೇಳಿಸಿದ. ದೂರದಲ್ಲಿ ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಹರಿದ ಸದ್ದು ಸಭಿಕರಿಗೆ ನಿಚ್ಚಳವಾಗಿ ಕೇಳಿತು. ಹಳೆಯ ಪದ್ಧತಿಯಲ್ಲಿ ದನಿ ರೇಡಿಯೋ ಅಲೆಯ ಎತ್ತರವನ್ನು ಏರಿಳಿಸುತ್ತಿತ್ತು. ಸಿಡಿಲೂ ಮಾಡುವುದು ಅದನ್ನೇ. ಆರ್ಮ್‌ಸ್ಟ್ರಾಂಗನ ಪದ್ಧತಿಯಲ್ಲಿ ದನಿ ಅಲೆಯ ಕಂಪನಸಂಖ್ಯೆಯನ್ನು ಆಚೀಚೆ ತೂಗುತ್ತದೆ. ಎತ್ತರ ಎಷ್ಟಿದ್ದರೂ ಗ್ರಾಹಕ ಅದನ್ನು ಕತ್ತರಿಸಿ ಸಮಮಾಡುತ್ತದೆ. ಪೇಟೆಂಟ್ ವ್ಯಾಜ್ಯಗಳಲ್ಲಿ ಬಸವಳಿದು 1954ರ ಜನವರಿ 31ರಂದು ಅವನು ಪ್ರಾಣ ಕಳೆದುಕೊಂಡ. ಅವನ ಹೆಂಡತಿ ಮರಿಯನ್ ವ್ಯಾಜ್ಯಗಳನ್ನು ಮುಂದುವರಿಸಿ, 1967ರ ಹೊತ್ತಿಗೆ ಕೊನೆಯದನ್ನೂ ಗೆದ್ದಳು. ಈ ಪದ್ಧತಿಯಿಂದ ಹೊರಡುವ ಒಂದು ನಿಯಮ ನಮಗೆ ಮುಖ್ಯ: ಎಫ್.ಎಂ.ನಲ್ಲಿ ದನಿ ಜೋರಾಗಿ ಕೇಳುವುದು ಪ್ರೇಷಕ ಹತ್ತಿರವಿದೆ ಎಂದಲ್ಲ; ಹೊರಡುವಾಗ ದನಿ ಅಲೆಯನ್ನು ಸಾಕಷ್ಟು ತೂಗಿದೆ ಎಂದು. ಹೊರಡುವಾಗ ಬಡವಾದುದು ಎಷ್ಟೇ ಬಲವಾದ ಅಲೆಯ ಮೇಲೇರಿ ಬಂದರೂ ಬಡವಾಗಿಯೇ ಬರುತ್ತದೆ.

ಈಗ ಆ ಕಾಲು ಗಂಟೆಗೆ ಹಿಂದಿರುಗುತ್ತೇನೆ. ನಮ್ಮ ಊರಿನಲ್ಲಿ ಮದುವೆ ಮುಂಜಿಗಳಿಗೆ, ಉರುಸು ಜಾತ್ರೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಸಾಬರೊಬ್ಬರಿದ್ದಾರೆ. ಆ ದಿನದ ಏರ್ಪಾಡೂ ಅವರದೇ. ನಾವೆಲ್ಲ "ಜೋರು ಮಾಡಿ" ಎನ್ನುತ್ತಿದ್ದಾಗ ಅವರ ಮಗ ಹೇಳಿದಂತೆ ತಿರುಗಿಸುತ್ತಿದ್ದ. ಅವರು ಹೊರಗೆ ಜನರೇಟರಿನ ಬಳಿ ಇದ್ದರು. ಬಂದವರೇ ಮಗನಿಗೆ ಎಲ್ಲವನ್ನೂ ಮೊದಲಿನಷ್ಟಕ್ಕೆ ಇಳಿಸಲು ಹೇಳಿ, ನನ್ನ ಕಡೆ ತಿರುಗಿ, "ಮೇಷ್ಟ್ರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು. ಎಲ್ಲಿ ಸೋರ್ತಾ ಇದೆ ಅಂತ ಮೊದಲು ನೋಡೋಣ" ಎಂದರು.

ಮೊದಲು ಒಂದು ಮಾಮೂಲಿ ತಂತಿ ತಂದು ಗಿಟಾರನ್ನು ನೇರವಾಗಿ ಧ್ವನಿವರ್ಧಕಕ್ಕೆ ಸಿಕ್ಕಿಸಿದರು. ಪರದೆಯ ಹಿಂದೆ ನಾದ ತುಂಬಿ ಬಂತು. ಎಂದರೆ ಗಿಟಾರೂ ಸರಿ, ಧ್ವನಿವರ್ಧಕವೂ ಸರಿ. ಮತ್ತೆ ತಂತಿ ಕಳಚಿ ನಿಸ್ತಂತು ಪೆಟ್ಟಿಗೆ ಹಾಕಿಸಿ ಗ್ರಾಹಕದ ಮುಂದೆ ಕುಳಿತರು. ಅದರಲ್ಲಿ ಎರಡು ಸಾಲು ದೀಪಗಳಿದ್ದವು. ಒಂದು ರೇಡಿಯೋ ಅಲೆಯ ಬಲವನ್ನು ತೋರುವುದು. ಅದು ಪೂರ್ತಿ ಹೊತ್ತಿತ್ತು. ಎಂದರೆ ಹಾದಿಯೂ ಸರಿ, ಬ್ಯಾಟರಿಯೂ ಸರಿ. ಇನ್ನೊಂದು ಆ ಅಲೆ ಹೊತ್ತು ತಂದ ದನಿಯ ಅಳತೆ. ಹುಡುಗ ಬಲವಾಗಿ ಮೀಟಿದರೂ ಅದರಲ್ಲಿ ಕೆಳಗಿನ ಒಂದು ದೀಪ ಮಾತ್ರ ಮಿಣುಕುತ್ತಿತ್ತು. "ಬಂಡಿ ಬಂದಿದೆ, ಸರಕು ಬಂದಿಲ್ಲ" ಎಂದರು ಸಾಬರು. ಹಾಗಾದರೆ ಸೋರಿದ್ದು ಬಂಡಿ ಹೊರಡುವ ಮೊದಲೇ, ಹುಡುಗನ ಸೊಂಟದಲ್ಲಿ.

ಪೆಟ್ಟಿಗೆಯ ಮುಚ್ಚಳ ತೆಗೆದರೆ ಒಳಗೆ ಸಾಸಿವೆ ಗಾತ್ರದ ಒಂದು ತಿರುಪು. 'ಗೇನ್' ಎಂದು ಅದಕ್ಕೆ ಹೆಸರು. ಹಿಂದಿನ ದಿನ ತಾಲೀಮಿನಲ್ಲಿ ಅದೇ ಪೆಟ್ಟಿಗೆಯನ್ನು ಬೇರೊಬ್ಬ ಹುಡುಗ ತನ್ನ ಬೇಸ್ ಗಿಟಾರಿಗೆ ಹಾಕಿಕೊಂಡಿದ್ದನಂತೆ. ಅವನ ವಾದ್ಯದೊಳಗೇ ಬ್ಯಾಟರಿಯ ಬಲವಿದ್ದುದರಿಂದ ಅದರ ಸಂಕೇತ ಜೋರು. ದನಿ ಒಡೆಯಬಾರದೆಂದು ತಿರುಪನ್ನು ತಳಕ್ಕಿಳಿಸಿದ್ದ. ತಪ್ಪು ಯಾರದೂ ಅಲ್ಲ; ಒಬ್ಬನ ಅಳತೆಯ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿದ್ದೆವು, ಅಷ್ಟೆ. ಸಾಬರು ಗಡಿಯಾರ ರಿಪೇರಿಯ ಸ್ಕ್ರೂಡ್ರೈವರಿನಿಂದ ತಿರುಪನ್ನು ಕೊಂಚ ಕೊಂಚವೇ ಏರಿಸುತ್ತ, "ಎಷ್ಟು ಜೋರಾಗಿ ಬಾರಿಸ್ತೀಯೋ ಅಷ್ಟೂ ಬಾರಿಸಪ್ಪ" ಎಂದರು. ಅವನ ಅತ್ಯಂತ ಬಿರುಸಿನ ಮೀಟಿಗೆ ಕೆಂಪು ದೀಪ ಒಮ್ಮೆ ಮಿಂಚಿತು. ಒಂದು ಕೂದಲಷ್ಟು ಹಿಂದಕ್ಕೆ ತಿರುಗಿಸಿ ಕೈಬಿಟ್ಟರು. ಈಗ ಧ್ವನಿವರ್ಧಕ ಮೊದಲಿನ ಗುರುತಿನಲ್ಲೇ ಇತ್ತು. ಮಳೆಯ ಸದ್ದಿಲ್ಲ, ನಾದ ಮಾತ್ರ.

ನಾವು ಕೊನೆಯಲ್ಲಿ ಜೋರು ಮಾಡಿದಾಗ ಏಕೆ ಕೆಟ್ಟಿತು ಎಂಬುದು ನನಗೆ ಅರ್ಥವಾದದ್ದು ಆಮೇಲೆ ಈ ಇತಿಹಾಸವನ್ನು ಓದಿದಾಗ. ಸಂಕೇತ ಬಡವಾಗಿ ಹೊರಟರೆ ಹಾದಿಯ ಗದ್ದಲವೂ ಅದೂ ಸಮಸಮವಾಗಿ ಬಂದು ತಲುಪುತ್ತವೆ. ಆಮೇಲೆ ಧ್ವನಿವರ್ಧಕ ಪಕ್ಷಪಾತವಿಲ್ಲದೆ ಎರಡನ್ನೂ ಬೆಳೆಸುತ್ತದೆ. ಕೊನೆಯಲ್ಲಿ ಎತ್ತಿದ ದನಿಯ ಜೊತೆ ಗದ್ದಲ ಏಳುತ್ತದೆ. ಮೊದಲಲ್ಲೇ ಹದವಾಗಿ ಎತ್ತಿದ ದನಿ ಗದ್ದಲದ ತಲೆಯ ಮೇಲೆ ಕಾಲಿಟ್ಟು ಬರುತ್ತದೆ. ಹದ ಮೀರಿ ಎತ್ತಿದರೆ ವೈಟ್‌ಹೌಸನ ಗತಿ. ಇತ್ತೀಚಿನ ಡಿಜಿಟಲ್ ಪೆಟ್ಟಿಗೆಗಳು ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುವುದರಿಂದ ಅವುಗಳಿಗೆ ಕಂಪ್ಯಾಂಡರಿನ ಹಂಗಿಲ್ಲ. ಆದರೂ ಮೊದಲಿನ ಅಳತೆ ತಪ್ಪಿದರೆ ಅವೂ ಕೈಕೊಡುತ್ತವೆ.

ಪರದೆ ಎದ್ದಿತು. ಹುಡುಗ ಎಂಟು ನಿಮಿಷ ನುಡಿಸಿದ. ಏನು ನುಡಿಸಿದನೆಂದು ಹೇಳುವ ವಿದ್ಯೆ ನನಗಿಲ್ಲ. ಶಿಳ್ಳೆ ಹಾಕಿದವರೇ ಮತ್ತೊಂದು ಬೇಕೆಂದು ಕೂಗಿದ್ದನ್ನು ಕೇಳಿದೆ. ಸಾಬರು ಗ್ರಾಹಕದ ದೀಪಗಳ ಮೇಲಿನ ಕಣ್ಣನ್ನು ಕೀಳಲಿಲ್ಲ.

ಮರುದಿನ ತರಗತಿಯಲ್ಲಿ ಹಾಜರಿ ಕರೆದೆ. ಅವನ ಸರದಿ ಬಂದಾಗ ಎಂದಿನ ಅದೇ ಮೆಲುದನಿ: "ಬಂದಿದ್ದೀನಿ ಸಾರ್." ಎರಡು ವರ್ಷಗಳಿಂದ ಆ ದನಿಗೆ "ಗಟ್ಟಿಯಾಗಿ ಹೇಳಯ್ಯ" ಎಂದು ಗದರುತ್ತ ಬಂದವನು ನಾನು. ಅಂದು ಗದರಲಿಲ್ಲ. ತರಗತಿಯ ಬೀದಿಕಡೆಯ ಕಿಟಕಿಯನ್ನು ಮುಚ್ಚಿಸಿ, ಇನ್ನೊಮ್ಮೆ ಕರೆದೆ.